ಒಗೆಯುವ ಕಲ್ಲಿನ ಮೇಲಿಟ್ಟ ಬನ್ನು

ದೆವ್ವ, ಶಕುನ, ಕಾಣದ ಕೈ ಅಂತ ಯಾರಾದರೂ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದುಹೋಗಿ ಗ್ಯಾಸ್ ಆರಿಸಿದೆನೋ ಇಲ್ಲವೋ ನೋಡಿಬರುವವಳು. ಹೆದರಲು ನನಗೆ ದೆವ್ವಗಳ ಅಗತ್ಯವೇ ಇರಲಿಲ್ಲ. ಬಸ್ಸು ತಪ್ಪೀತು, ಬೀಗ ಸರಿಯಾಗಿ ಬಿದ್ದಿರಲಿಕ್ಕಿಲ್ಲ, ಮಾರ್ಚ್ ತಿಂಗಳಲ್ಲೂ ಮಳೆ ಬಂದೀತು, ಎದೆ ಹಿಡಿದಂತಾದದ್ದು ಬರೀ ಗ್ಯಾಸ್ಟ್ರಿಕ್ ಅಲ್ಲದಿರಬಹುದು. ದಿನದ ಈ ಚಿಂತೆಗಳನ್ನು ಮಾಡಿ ಮುಗಿಸುವ ಹೊತ್ತಿಗೆ ಸಂಜೆಯಾಗುತ್ತಿತ್ತು. ದೆವ್ವಕ್ಕೆ ಪುರುಸೊತ್ತು ಎಲ್ಲಿಂದ ತರಲಿ? ದೇವರನ್ನು ನಂಬುತ್ತೇನೆ, ಅದು ಬೇರೆ ಮಾತು. ಆದರೆ ಅವನು ನನ್ನಂಥವಳ ಬೆನ್ನುಹತ್ತಿ ಏನಾದರೂ ಮಾಡಿಯಾನು ಎಂದುಕೊಂಡಿರಲಿಲ್ಲ.

ಇಂಥವಳಿಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮಾವಾಸ್ಯೆ, ಸ್ಮಶಾನ ಯಾವುದೂ ಇಲ್ಲ. ಮಟಮಟ ಮಧ್ಯಾಹ್ನ, ಕಾರವಾರದ ಹತ್ತಿರ ಚೆಂಡಿಯಾ ಎಂಬ ಊರಿನ ಒಂದು ಮನೆಯ ಹಿತ್ತಲು. ನಂಬುವುದು ನಿಮಗೆ ಬಿಟ್ಟದ್ದು. ನಾನೇ ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಗದಗ-ಬೆಟಗೇರಿಯವಳಾದ ನಾನು ಅಂಕೋಲಾದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಒಂದು ಸಂಸ್ಥೆಯ ಪರವಾಗಿ ಬೈಬಲಿನ ಕಥೆಗಳನ್ನು ಅಲ್ಲಿನ ಮೀನುಗಾರರ ಮನೆಮಾತಾದ ಕೊಂಕಣಿಗೆ ತರುವುದು ಕೆಲಸ. ಎಲ್ಲ ಬಾಯಿಮಾತಿನಲ್ಲೇ; ಕಥೆ ಕಟ್ಟುವಾಗ ಬರೆಯುವ ಹಾಗಿಲ್ಲ, ಕಾಗದ ಮುಟ್ಟಿದರೆ ಮೈಲಿಗೆ. ನಾನು ಕನ್ನಡದಲ್ಲಿ ಕಥೆ ಹೇಳಬೇಕು, ಅವರು ಕೇಳಿ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಹತ್ತು ಸಲ, ಇಪ್ಪತ್ತು ಸಲ, ಕಥೆ ಬಾಯಿಗೆ ಒಗ್ಗಿ ಅವರದೇ ಆಗುವತನಕ. ಆಮೇಲೆ ಟೇಪು.

ನಮಗೆ ಸಿಕ್ಕ ಕಥೆಗಾರ್ತಿ ನಾಗವೇಣಿ, ಅಂಕೋಲೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಅವಳ ಮನೆದೇವರು ಬೇರೆ, ನನ್ನ ದೇವರು ಬೇರೆ. ಅದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. "ಕಥೆ ಯಾವ ದೇವ್ರದಾದ್ರೆ ಎಂತಾ ಅಕ್ಕೋರೇ, ಹೇಳೂ ಬಾಯಿ ನಂದು" ಅನ್ನುತ್ತಿದ್ದಳು. ಆ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನಾನು ಹಿಂದೆ ಶಾಲೆಯಲ್ಲಿದ್ದೆನೆಂದು ತಿಳಿದ ದಿನದಿಂದ ನಾನೂ ಅಕ್ಕೋರಾದೆ.

ಆಗ ಹಿಡಿದಿದ್ದು ತಪ್ಪಿಹೋದ ಮಗನ ಕಥೆ. ಕಿರಿಯ ಮಗ ತನ್ನ ಪಾಲು ತೆಗೆದುಕೊಂಡು ಮನೆ ಬಿಡುತ್ತಾನೆ. ದೂರದ ಊರಲ್ಲಿ ಎಲ್ಲ ಕಳೆದುಕೊಂಡು, ಹಂದಿ ಕಾಯ್ದು, ಹರಕು ಬಟ್ಟೆಯಲ್ಲಿ ವಾಪಸು ಬರುತ್ತಾನೆ. ಅಪ್ಪ ಓಡಿಹೋಗಿ ತಬ್ಬಿಕೊಂಡು, ಒಳ್ಳೆ ಬಟ್ಟೆ ಉಡಿಸಿ, ಕಾಲಿಗೆ ಚಪ್ಪಲಿ ಹಾಕಿಸಿ, ಹಬ್ಬದೂಟ ಮಾಡಿಸುತ್ತಾನೆ. ಇಷ್ಟು ವರ್ಷ ಹೊಲದಲ್ಲಿ ದುಡಿದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಒಳಗೆ ಬಾ ಎಂದು ಬೇಡಿಕೊಳ್ಳುತ್ತಾನೆ. ಅವನು ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ನಾಗವೇಣಿಯ ತಕರಾರು ಮೊದಲ ದಿನವೇ ಶುರು. "ಆ ಮನೇಲಿ ಆಯಿ ಇರ್ಲಿಲ್ವಾ?"

ತಾಯಿಯ ಮಾತು ಪುಸ್ತಕದಲ್ಲಿಲ್ಲ ಅಂದೆ.

"ಹಾಗಾರೆ ಬರ್ದವ್ರು ಗಂಡಸ್ರೇ. ಅಷ್ಟು ಜನಕ್ಕೆ ಅಡುಗೆ ಮಾಡಿ ಬಡ್ಸಿದ್ದು ಯಾರು, ಹಂದಿಗಳಾ?"

ನನಗೂ ನಗು ಬಂತು. ಆದರೆ ಹಿರಿಯ ಮಗನ ಜಾಗ ಬಂದಾಗಲೆಲ್ಲ ನಾನು ಬೇಗಬೇಗ ಹೇಳಿ ಮುಗಿಸುತ್ತಿದ್ದೆ. ಅವಳಿಗೆ ಅದೂ ಗೊತ್ತಾಗಿತ್ತು. "ಅಲ್ಲಿ ಎಂತಕ್ಕೆ ಓಡ್ತ್ರಿ ಅಕ್ಕೋರೇ, ನಾಯಿ ಬೆನ್ನಟ್ಟಿದ ಹಾಂಗೆ?" ಅಂತ ಕೇಳಿದಳು. ನಾನು ಬ್ಯಾಟರಿ ಸರಿ ಮಾಡುವ ನೆಪ ಮಾಡಿದೆ.

ಯಾಕೆಂದರೆ ಆ ಹಿರಿಯ ಮಗ ನಾನೇ.

ನನ್ನ ತಂಗಿ ಕರುಣಾ ಯಾರ ಜೊತೆಗೋ ಮನೆ ಬಿಟ್ಟು ಹೋದವಳು ಆರು ವರ್ಷ ಪತ್ತೆಯಿರಲಿಲ್ಲ. ಅವ್ವನನ್ನು ನೋಡಿಕೊಂಡದ್ದು, ಬಂದ ಎರಡು ಸಂಬಂಧ ಬೇಡವೆಂದದ್ದು, ಓಣಿಯವರ ಮಾತು ಕೇಳಿಸಿಕೊಂಡದ್ದು ನಾನು. ಪ್ರತಿ ಶನಿವಾರ ಶಾಲೆ ಮುಗಿಸಿ ಬರುವಾಗ ಅವ್ವನಿಗೆ ಬೇಕರಿಯಿಂದ ಬನ್ನು ತರುವುದು ವಾಡಿಕೆಯಾಗಿತ್ತು. ಒಂದು ಶನಿವಾರ ಬನ್ನು ಹಿಡಿದು ಹಿತ್ತಲ ಕಡೆಯಿಂದ ಬಂದರೆ ಒಳಗೆ ನಗು ಕೇಳಿಸಿತು. ಅಷ್ಟು ವರ್ಷ ನನ್ನೊಬ್ಬಳ ಜೊತೆ ಇದ್ದಾಗ ಅವ್ವ ಹಾಗೆ ನಕ್ಕದ್ದು ನೆನಪಿಲ್ಲ. ಕಿಟಕಿಯಲ್ಲಿ ನೋಡಿದೆ. ಕರುಣಾ ಕೂತಿದ್ದಳು. ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು. ಕ್ರಿಸ್ಮಸ್ಸಿಗೆ ನಾನು ತಂದುಕೊಟ್ಟ ಚಪ್ಪಲಿಯನ್ನು ಅವ್ವ ಚರ್ಚಿಗೆ ಮಾತ್ರ ಎಂದು ಡಬ್ಬಿಯಲ್ಲೇ ಇಟ್ಟಿದ್ದಳು. ಅದನ್ನು ಈಗ ಕರುಣಾಳ ಹಿಮ್ಮಡಿ ಒಡೆದ ಕಾಲಿಗೆ ತೊಡಿಸಿ ಅಳತೆ ನೋಡುತ್ತಿದ್ದಳು.

ಬನ್ನಿನ ಪೊಟ್ಟಣವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟೆ. ನನ್ನ ಚಪ್ಪಲಿ ಚಟಚಟ ಸದ್ದು ಮಾಡುವಂಥವು, ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಬರಿಗಾಲಲ್ಲೇ ನಡೆದುಹೋಗಿ ಬಸ್ಸು ಹತ್ತಿದೆ. ಮೊದಲು ಹುಬ್ಬಳ್ಳಿಯ ಗೆಳತಿಯ ಮನೆ, ಕೆಲವು ತಿಂಗಳಾದ ಮೇಲೆ ಈ ಅಂಕೋಲೆಯ ಕೆಲಸ. ಆ ವರ್ಷ ಮುಗಿಯುವುದರೊಳಗೆ ಅವ್ವ ತೀರಿಕೊಂಡಳು. ಮಣ್ಣಿಗೆ ಹೋಗಿ, ಎಲ್ಲರ ಹಿಂದೆ ನಿಂತು, ಕರುಣಾಳನ್ನು ಮಾತಾಡಿಸದೆ ತಿರುಗಿ ಬಂದೆ.

ಗೆಳತಿಯ ಮೂಲಕ ಕರುಣಾಳ ಇನ್‌ಲ್ಯಾಂಡ್ ಪತ್ರಗಳು ಬರುತ್ತಿದ್ದವು. ಏಳು ಬಂದಿದ್ದವು. ಒಂದನ್ನೂ ಒಡೆದಿರಲಿಲ್ಲ. ಅವಳು ಕ್ಷಮೆ ಕೇಳಿದ್ದರೆ ಏನು ಮಾಡುವುದು ಎಂಬುದೊಂದು ಚಿಂತೆ, ಕೇಳದೇ ಇದ್ದರೆ ಏನು ಮಾಡುವುದು ಎಂಬುದು ಇನ್ನೊಂದು. ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಅವನ್ನು ಹುಗಿದಿಟ್ಟು, ಸಂಜೆ ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟು, ಪಕ್ಕದ ಮನೆಯವರು ಗೋಡೆಯಾಚೆ ಮಕ್ಕಳನ್ನು ಬೈಯುವುದನ್ನು ಕೇಳುತ್ತ ಕೂರುತ್ತಿದ್ದೆ. ಅವರು ಊರಿಗೆ ಹೋದ ದಿನಗಳಲ್ಲಿ ಬೈಗುಳವೂ ಇರುತ್ತಿರಲಿಲ್ಲ. ಬನ್ನಿನ ಮಾತು, ಚಪ್ಪಲಿಯ ಮಾತು ನಾನು ಯಾರಿಗೂ ಹೇಳಿರಲಿಲ್ಲ. ಪ್ರಾರ್ಥನೆಯಲ್ಲಿ ದೇವರಿಗೂ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಟೇಪು ಆದ ಮೇಲೆ ಪರೀಕ್ಷೆ. ಆ ಕಥೆಯನ್ನು ಹಿಂದೆಂದೂ ಕೇಳಿರದ ಒಬ್ಬರಿಗೆ ಎರಡು ಸಲ ಕೇಳಿಸಿ, ಈಗ ನೀವು ಹೇಳಿ ಅನ್ನಬೇಕು. ಅವರು ಹೇಳಿದ್ದನ್ನು, ಕಥೆ ಗೊತ್ತಿರದ ಮತ್ತೊಬ್ಬರು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಬೇಕು. ಏನಾದರೂ ಬಿಟ್ಟುಹೋದರೆ ದೋಷ ನಮ್ಮ ಕಥೆಯದು. ಏನಾದರೂ ಹೆಚ್ಚಾಗಿ ಬಂದರೆ ಅದು ಎಲ್ಲಿಂದ ಬಂತೆಂದು ಪತ್ತೆ ಮಾಡಿ ಫಾರಮ್ಮಿನಲ್ಲಿ ಬರೆಯಬೇಕು. ಅದಕ್ಕೇ ಒಂದು ಕಾಲಂ ಇತ್ತು: 'ಹೆಚ್ಚಿನ ಮಾತಿನ ಮೂಲ'.

ಕೇಳಲು ಒಪ್ಪಿದವರು ಚೆಂಡಿಯಾದ ಶೇವಂತಿ ಆಯಿ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಹೊಸ ಮನೆಗೆ ಬಂದವರು. ಬರುವಾಗ ಹಳೆ ಮನೆಯ ಒಗೆಯುವ ಕಲ್ಲನ್ನೂ ಗಾಡಿಯಲ್ಲಿ ಹಾಕಿಸಿಕೊಂಡು ಬಂದಿದ್ದರಂತೆ. ಹಿತ್ತಲಲ್ಲಿ ಅದರ ಮೇಲೇ ಕೂತು ಸೀಗಡಿ ಬಿಡಿಸುತ್ತಿದ್ದರು. ಕನ್ನಡಕ್ಕೆ ತಿರುಗಿಸಲು ಅಂಗನವಾಡಿಯ ಟೀಚರು ಸುಮನಾ. ನಾನು ಆ ಊರಿಗೆ ಹೋದದ್ದು ಅದೇ ಮೊದಲು. ಇಬ್ಬರ ಮುಖವನ್ನೂ ಅವತ್ತೇ ನೋಡಿದ್ದು.

ಆಯಿ ಟೇಪನ್ನು ಎರಡು ಸಲ ಕೇಳಿದರು. ನಾನು ಇನ್ನೊಂದು ರೆಕಾರ್ಡರನ್ನು ಒತ್ತಿದೆ, ಕೆಂಪು ದೀಪ ಹತ್ತಿದೆಯೋ ಇಲ್ಲವೋ ಮೂರು ಸಲ ನೋಡಿದೆ. ಆಯಿ ಶುರುಮಾಡಿದರು. ಪಾಲು ಕೇಳಿದ್ದು, ಹೋದದ್ದು, ಹಂದಿ, ಅಪ್ಪ ಓಡಿಬಂದದ್ದು ಎಲ್ಲ ಸರಿಯಾಗಿತ್ತು. ಹಿರಿಯ ಮಗನ ಜಾಗಕ್ಕೆ ಬಂದಾಗ ಸೀಗಡಿ ಬಿಡಿಸುವ ಕೈ ನಿಂತಿತು.

"ದೊಡ್ಡಂವ ಹಿತ್ಲ ಬದಿಯಿಂದ ಬಂದ ಅಂತಾರೆ" ಅಂದಳು ಸುಮನಾ. "ಒಳಗೆ ನಗು ಕೇಳ್ತು. ಅಂವ ಹೋಗ್ಲಿಲ್ಲ. ತಂದ ಪಾವಿನ ಪೊಟ್ಲೆ ಒಗಿಯೂ ಕಲ್ಲಿನ ಮೇಲಿಟ್ಟ. ಸದ್ದಾಗಬಾರ್ದು ಅಂತ ಚಪ್ಪಲಿ ಕಳ್ಚಿ ಕೈಯಲ್ಲಿ ಹಿಡ್ಕಂಡ. ಹೋದ."

ಆ ಕಡೆ ಬನ್ನಿಗೆ ಪಾವು ಅನ್ನುತ್ತಾರೆ. ನನ್ನ ಪೆನ್ನು ಆ ಪಾವಿನ ಹತ್ತಿರವೇ ನಿಂತಿತ್ತು.

ಸುಮನಾ ತಾನೇ ಕೇಳಿದಳು: "ಆಯೀ, ಆಗ ಅಪ್ಪ ಹೊರಗೆ ಬರ್ಲಿಲ್ವಾ?"

"ಅಪ್ಪ ಬಂದದ್ದು ಆಮೇಲೆ" ಅಂದರು ಆಯಿ, ಈ ಸಲ ತಮಗೆ ಬರುವ ಕನ್ನಡದಲ್ಲೇ. " ಮೊದ್ಲು ಬಂದದ್ದು ಚಿಕ್ಕದು. ಹೊಸ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಸ್ಸಿನವರೆಗೆ ಓಡ್ತು. ಬಸ್ಸು ಹೋಗಿತ್ತು."

ಸುಮನಾ ಜೋರಾಗಿ ನಕ್ಕಳು. "ಆಯೀ! ಆ ಕಾಲದಲ್ಲಿ ಬಸ್ಸು ಎಲ್ಲಿಂದ ಬಂತೇ?"

"ನೀ ಹುಟ್ಟೂಕೆ ಮೊದ್ಲೂ ಬಸ್ಸಿತ್ತು, ತಂಗೀ. ಕೆಂಪು ಬಸ್ಸು" ಎಂದರು ಆಯಿ, ತುಸು ಸಿಟ್ಟಿನಿಂದ. "ಪಾವು ಅರ್ಧ ತಿಂತು. ಅರ್ಧ ದೊಡ್ಡದಕ್ಕೆ ಅಂತ ಇಟ್ಕಂತು. ಅದಕ್ಕೆ ಬೂಷ್ಟು ಬಂತು." ಮತ್ತೆ ಸೀಗಡಿ ಕೈಗೆ ತೆಗೆದುಕೊಂಡರು. ಅವರ ಮಟ್ಟಿಗೆ ಕಥೆ ಮುಗಿದಿತ್ತು.

ಚಹಾ ಕುಡಿದೆನಂತೆ. ನನಗೆ ನೆನಪಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಅಂಕೋಲೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಟ್ರಂಕು ತೆರೆದೆ. ಮೊದಲನೇ ಪತ್ರವನ್ನು ಹುಡುಕಿ ತೆಗೆದೆ. ಅಂಟು ಹಾಕಿದ್ದು ಹಾಗೇ ಇತ್ತು. ನಾಲ್ಕು ಮಳೆಗಾಲದ ತೇವಕ್ಕೆ ಇನ್ನಷ್ಟು ಬಿಗಿದುಕೊಂಡು, ಬಿಡಿಸುವಾಗ ಒಂದು ಅಂಚು ಹರಿಯಿತು.

"ಅಕ್ಕಾ, ಕಲ್ಲಿನ ಮ್ಯಾಲೆ ಬನ್ನು ನೋಡಿದ ಕೂಡ್ಲೇ ನೀ ಬಂದಿದ್ದಿ ಅಂತ ತಿಳೀತು. ಅವ್ವ ಹಾಕಿದ ಚಪ್ಪಲಿ ಬಿಟ್ಟು ಹಂಗ ಓಡಿದೆ. ಬಸ್ಸು ಹೋಗಿಬಿಟ್ಟಿತ್ತು. ಅರ್ಧಾ ಬನ್ನು ತಿಂದೆ, ಅರ್ಧಾ ನಿನಗಂತ ಇಟ್ಟೆ. ಎಂಟು ದಿನಕ್ಕ ಬೂಷ್ಟು ಬಂತು. ನೀ ಬರಲಿಲ್ಲ."

ಉಳಿದ ಆರು ಪತ್ರಗಳನ್ನೂ ನಿಂತೇ ಓದಿದೆ. ಒಂದರಲ್ಲೂ ಅವಳು ಕ್ಷಮೆ ಕೇಳಿರಲಿಲ್ಲ. ಎಲ್ಲದರ ಕೊನೆಗೂ ಒಂದೇ ಮಾತು: ಯಾವಾಗ ಬರತಿ.

ನಾನು ಚಿಂತೆಯವಳು. ಸುಮ್ಮನೆ ಬಿಡುವ ಜಾತಿಯಲ್ಲ. ಪ್ರತಿಯೊಂದಕ್ಕೂ ಕಾರಣ ಹುಡುಕಿದೆ. ಚಪ್ಪಲಿ ಕಥೆಯಲ್ಲೇ ಇದೆ, ಆಯಿ ಕಾಲಿನದನ್ನು ಕೈಗೆ ತಂದಿರಬಹುದು. ಒಗೆಯುವ ಕಲ್ಲಿನ ಮೇಲೆ ಅವರೇ ಕೂತಿದ್ದರು. ಕಾರವಾರದ ಕಡೆ ಪಾವು ತರದ ಮನೆಯಿಲ್ಲ. ಬಸ್ಸು ಯಾರ ಬಾಯಲ್ಲಿ ಬರುವುದಿಲ್ಲ? ಬಿಡಿಬಿಡಿಯಾಗಿ ಎಲ್ಲಕ್ಕೂ ಉತ್ತರ ಸಿಗುತ್ತದೆ. ಜೋಡಿಸಿಟ್ಟು ನೋಡಿದರೆ ಎದೆ ಹಿಡಿದಂತಾಗುತ್ತದೆ, ಅದು ಗ್ಯಾಸ್ಟ್ರಿಕ್ ಅಂತೂ ಅಲ್ಲ. ಚಪ್ಪಲಿ ಕೈಯಲ್ಲಿ ಹಿಡಿದದ್ದು ಕರುಣಾಳಿಗೆ ಗೊತ್ತಿರಲಿಲ್ಲ. ಬೂಷ್ಟು ಬಂದದ್ದು ನನಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದದ್ದು ಅವತ್ತು ಆ ಹಿತ್ತಲಲ್ಲಿ ಕೂತಿದ್ದ ಮುದುಕಿಗೆ ಮಾತ್ರ.

ನಾಗವೇಣಿಯನ್ನು ಕೇಳಿದೆ, ನೀನೇನಾದರೂ ಸೇರಿಸಿ ಹೇಳಿದೆಯಾ ಎಂದು. "ಪಾವಾ? ನಾ ಮೀನು ಮಾರೂದು ಅಕ್ಕೋರೇ, ಬೇಕರಿ ಇಟ್ಟಿಲ್ಲ" ಅಂದಳು. ಅವಳ ಟೇಪನ್ನು ನಾನೂ ಮತ್ತೆ ಮತ್ತೆ ಕೇಳಿದೆ. ಅದರಲ್ಲಿ ಅಂಥದ್ದು ಏನೂ ಇರಲಿಲ್ಲ. ಎರಡು ದಿನ ಬಿಟ್ಟು ಚೆಂಡಿಯಾಕ್ಕೆ ಹೋದೆ. ಶೇವಂತಿ ಆಯಿ ನನ್ನನ್ನೇ ದಡ್ಡಿಯಂತೆ ನೋಡಿದರು. "ನಿನ್ನ ಡಬ್ಬಿಯೊಳಗಿನ ಹೆಂಗಸು ಹೇಳಿದ್ದನ್ನೇ ನಾ ಹೇಳಿದ್ದು. ನೀ ಸಮಾ ಕೇಳ್ಲಿಲ್ಲ" ಅಂದರು. ಆಮೇಲೆ ಹೊರಡಲೆಂದು ನಾನು ಎತ್ತಿಕೊಂಡ ಕೈಚೀಲವನ್ನು ನೋಡುತ್ತ, "ದೊಡ್ಡದು ಹೋಯ್ತಾ, ಮನೆಗೆ?" ಎಂದು ಕೇಳಿದರು. ಕಥೆಯಲ್ಲಿ ಅದಿಲ್ಲ ಆಯಿ ಅಂದೆ.

ಆ ಶನಿವಾರ ಬೆಳಿಗ್ಗೆ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಬಾಗಿಲು ಹಾಕಿಕೊಂಡರೆ, ಅವಳು ಅತ್ತರೆ, ಅವಳು ಅಳದಿದ್ದರೆ ಎಂದು ಮೂರು ಬಗೆಯಲ್ಲಿ ಹೆದರಿದೆ. ಬೆಟಗೇರಿಯ ಅದೇ ಬೇಕರಿಯಲ್ಲಿ ಬನ್ನು ಕಟ್ಟಿಸಿಕೊಂಡೆ. ಮುಂಬಾಗಿಲಿಗೆ ಹೋಗಲು ಧೈರ್ಯವಾಗಲಿಲ್ಲ, ಹಿತ್ತಲ ಕಡೆಯಿಂದ ಬಂದೆ. ಕರುಣಾ ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ನನಗಿಂತ ಮೊದಲೇ ತಲೆ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಕೆಳಗೆ ನೋಡಿದಳು, ಹಿಂಡುತ್ತಿದ್ದ ಬಟ್ಟೆ ಹಾಗೇ ಕೈಯಲ್ಲಿತ್ತು.

"ಅಕ್ಕಾ, ಚಪ್ಪಲಿ ಯಾಕ ಕೈಯಾಗ ಹಿಡಕೊಂಡೀ?"

ಆಗಲೇ ನಾನೂ ನೋಡಿದ್ದು. ಯಾವಾಗ ಕಳಚಿದೆನೋ ಗೊತ್ತಿರಲಿಲ್ಲ.

"ಹಾಕ್ಕೋ" ಅಂದಳು. "ಇಲ್ಲಿ ಕಲ್ಲು ಚುಚ್ಚತಾವ." ಬನ್ನಿನ ಪೊಟ್ಟಣವನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು, ನಾನು ಹಿಂದೆ ಬರುತ್ತೇನೋ ಇಲ್ಲವೋ ಎಂದು ತಿರುಗಿ ನೋಡುತ್ತ.

ಅವತ್ತು ಚೆಂಡಿಯಾದಲ್ಲಿ ರೆಕಾರ್ಡ್ ಮಾಡಿದ ಟೇಪು ಇನ್ನೂ ನನ್ನ ಟ್ರಂಕಿನಲ್ಲಿದೆ. ಕೇಳಿಲ್ಲ. ಆಯಿಯ ಆ ಮಾತು ಅದರಲ್ಲಿ ಇಲ್ಲದೇ ಹೋದರೆ ಎಂದು ಹೆದರಿಕೆ, ಇದ್ದರೆ ಇನ್ನೂ ಹೆದರಿಕೆ. ಫಾರಮ್ಮನ್ನು ಮಾತ್ರ ತುಂಬಿ ಕಳಿಸಿದೆ. ಶಾಲೆಯ ಹಾಜರಿಯಿಂದ ಹಿಡಿದು ಬ್ಯಾಂಕಿನ ಚೀಟಿಯವರೆಗೆ ಜೀವಮಾನದಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಟ್ಟವಳಲ್ಲ ನಾನು. 'ಹೆಚ್ಚಿನ ಮಾತಿನ ಮೂಲ' ಎಂಬಲ್ಲಿ ಏನೂ ಬರೆಯಲಿಲ್ಲ. ಇವತ್ತು ಆ ಕಾಗದವನ್ನು ಮತ್ತೆ ಕೈಗೆ ಕೊಟ್ಟರೂ ಬರೆಯಲು ನನ್ನ ಹತ್ತಿರ ಏನೂ ಇಲ್ಲ.