ಅವ್ವನ ಗಾವಟಿ ಗುಲಾಬಿ

ಹೂವು ಮಾರುವವರ ಮೇಲೆ ನನಗೆ ಹೇಸಿಕೆ ಹುಟ್ಟಿದ್ದು ಎಂಬತ್ತರ ದಶಕದಲ್ಲಿ, ಬೆಳಗಾವಿಯಲ್ಲಿ. ಕಣ್ಣು ಪೂರಾ ಹೋಗಿದ್ದ ಅವ್ವ ಖಾನಾಪುರದ ಮನೆ ಮಾರಿ ನನ್ನ ಹತ್ತಿರ ಬಂದಿದ್ದಳು. ಅಂಗೈಯ ಲಿಂಗಕ್ಕೆ ಹಿತ್ತಲಿನ ಗಾವಟಿ ಗುಲಾಬಿ ಏರಿಸಿಯೇ ಅವಳಿಗೆ ರೂಢಿ. ತಿಳಿಗೆಂಪಿನ ಸಣ್ಣ ನಾಟಿ ಹೂವು, ಮುಟ್ಟಿದರೆ ಎಸಳು ಉದುರುತ್ತಿತ್ತು. ಪರಿಮಳ ಮಾತ್ರ ಓಣಿ ತುಂಬ. ಸಾಯುವುದರೊಳಗೆ ಇನ್ನೊಮ್ಮೆ ಆ ಹೂವು ಏರಿಸಬೇಕೆಂದು ದಿನಾ ಅನ್ನತೊಡಗಿದಳು.

ನರ್ಸರಿಯವನು ಆಣೆ ಮಾಡಿ ಕೊಟ್ಟ ಗಿಡ ಕೋಸಿನ ಗಡ್ಡೆಯಷ್ಟು ದೊಡ್ಡ ಹೂ ಬಿಟ್ಟಿತು. ಮೂಗಿಟ್ಟರೆ ಏನೂ ಇಲ್ಲ, ಬರೀ ನೀರು. ಸಂತೆಯ ಇನ್ನೊಬ್ಬ ಮಹಾಶಯ ಹೂವಿಗೆ ಪನ್ನೀರು ಚಿಮುಕಿಸಿ ಗಿಡ ಮಾರಿದ್ದ. ಎರಡನೇ ದಿನಕ್ಕೆ ಅದು ಹಸಿ ಗೋಣಿಚೀಲದಂತೆ ನಾರಿತು. ಥೂ! ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ. ಇವರ ಹೂವಿಗೇ ಅಲ್ಲಿ ಜಾಗ ಸಿಗಲಿಕ್ಕಿಲ್ಲ.

ಕೊನೆಗೆ ಖಾನಾಪುರಕ್ಕೇ ಹೋದೆ. ನಮ್ಮ ಮನೆ ಕೊಂಡವರು ಬಚ್ಚಲು ಕಟ್ಟಿಸಲು ಗುಲಾಬಿ ಪೊದೆಯನ್ನು ಅಗೆಸಿ ಒಗೆದಿದ್ದರು. ಮುಳ್ಳು ಬಹಳ ಚುಚ್ಚುತ್ತಿತ್ತು ಎಂದಳು ಮನೆಯಾಕೆ, ತಣ್ಣಗೆ. ಮೋರಿಯ ಅಂಚಿಗೆ ಒಂದು ಚಿಗುರು ಉಳಿದಿತ್ತು. ಸೋಪಿನ ನೊರೆ, ಕೊಳೆತ ಅನ್ನದ ಅಗಳು, ಮಿಜಿಗುಡುವ ಹುಳ. ಅದರಲ್ಲೇ ಕೈ ಹಾಕಿ ಬೇರು ಕಿತ್ತೆ. ಬೆಳಗಾವಿ ಮುಟ್ಟುವವರೆಗೂ ಬಸ್ಸಿನಲ್ಲಿ ನನ್ನ ಬಾಜು ಯಾರೂ ಕೂರಲಿಲ್ಲ.

ಎಣ್ಣೆ ಡಬ್ಬಿಯಲ್ಲಿ ನೆಟ್ಟು ಕಾದೆ. ಚಳಿಗಾಲದಲ್ಲಿ ಒಂದೇ ಒಂದು ಹೂ ಅರಳಿತು. ಬಣ್ಣವೇನೋ ತಿಳಿಗೆಂಪು; ಆದರೆ ಎರಡು ಸಲ ಮೋಸ ಹೋದವಳು ಬಣ್ಣ ನಂಬುತ್ತಾಳೆಯೇ? ಮೂಗು ಇಟ್ಟೇಬಿಟ್ಟೆ. ಅದೇ ಪರಿಮಳ. ಮರುಕ್ಷಣ ನೆನಪಾಯಿತು: ಮೂಸಿದ ಹೂವು ಎಂಜಲು, ಲಿಂಗಕ್ಕೆ ಸಲ್ಲದು. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಹುಡುಗಿ, ಹೂ ಬಿಡಿಸುವಾಗ ಉಸಿರು ಬಿಗಿಹಿಡಿಯಲು ಕಲಿಸಿದವಳೇ ಅವ್ವ.

ಪೂಜೆಗೆ ಕೂತವಳು ಕೈ ಚಾಚಿ ಕೇಳಿದಳು: "ವಾಸನಿ ನೋಡಿಲ್ಲಲ್ಲ?"

"ಇಲ್ಲವ್ವಾ" ಎಂದೆ. ಪನ್ನೀರು ಚಿಮುಕಿಸಿದವನಿಗಿಂತ ನಾನೇನು ಕಡಿಮೆ? ನನ್ನ ಮೇಲೇ ನನಗೆ ಅಸಹ್ಯವಾಯಿತು.

ಹೂ ಏರಿಸಿ ಅವಳು ಬಹಳ ಹೊತ್ತು ಕೂತಳು. ಪೂಜೆ ಮುಗಿದ ಮೇಲೆ ಅದನ್ನು ಕಣ್ಣಿಗೊತ್ತಿಕೊಂಡು, ತಡವರಿಸುತ್ತ ನನ್ನ ಕೈ ಹುಡುಕಿ ಇಟ್ಟಳು.

"ತಗೋ, ಈಗ ನೋಡು ವಾಸನಿ. ಪಾಪ, ಮುಂಜಾನಿಯಿಂದ ತಡಕೊಂಡಿದ್ದಿ."

ಅವಳಿಗೆ ಕೇಳಿಸಲೆಂದು ನಾನು ಜೋರಾಗಿ ಉಸಿರೆಳೆದುಕೊಂಡೆ.