ಹೋದವರ ನಡಿಗೆ ಮುಗ್ಗರಿಸದಂತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂತಾಪ ಸಭೆಗಳಿಗೆಂದೇ ಬಾಡಿಗೆಗೆ ಕೊಡುವ ಸಭಾಂಗಣದಲ್ಲಿ ಕುರ್ಚಿಗಳು ಒಂದರ ಮೇಲೊಂದು ಕೂತಿವೆ. ನಡುವಿನ ಖಾಲಿ ಜಾಗದಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಬಲಗಾಲನ್ನು ಮಡಿಸದೆ, ಸೊಂಟದಿಂದಲೇ ತಿರುಗಿಸಿ ಮುಂದಿಟ್ಟು, ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಾಳೆ. ಅವಳಿಗೆ ನಗುವೂ ಬರುತ್ತಿದೆ, ಅಳುವೂ ಬರುತ್ತಿದೆ. ತೀರಿಕೊಂಡ ಅಪ್ಪ ಹೇಗೆ ನಡೆಯುತ್ತಿದ್ದರೋ ಹಾಗೆ ನಡೆದು ತೋರಿಸುವುದು ಯಾವ ಮಗಳಿಗೂ ಸುಲಭವಲ್ಲ.

ಹಿಂದಿನ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ನಿಂತಿರುವವರ ಕಣ್ಣು ಒಮ್ಮೆ ಅವಳ ಕಾಲಿನ ಮೇಲೆ, ಒಮ್ಮೆ ಎದುರಿನ ದೊಡ್ಡ ಪರದೆಯ ಮೇಲೆ. "ಇನ್ನೊಂದು ಸಲ ನಡೀರಿ ತಾಯಿ, ಅವಸರ ಬೇಡ" ಎನ್ನುತ್ತಾರೆ. ಸಭಾಂಗಣದ ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಇವರು 'ಪರದೆ ಅಕ್ಕ'.

ಅಕ್ಕನ ಕೆಲಸ ಕೇಳುವುದಕ್ಕೆ ಏನೇನೂ ಅಲ್ಲ. ಮನೆಯವರು ತಂದುಕೊಡುವ ವಿಡಿಯೊಗಳನ್ನು ಸಭೆಯಲ್ಲಿ ತೋರಿಸುವುದು, ಮುಗಿದ ಮೇಲೆ ವೈರು ಸುತ್ತಿಡುವುದು. ಗುಂಡಿ ಒತ್ತಿದರೆ ಆಯಿತಲ್ಲ ಎಂದು ಹೇಳುವವರಿಗೆ ಬರವಿಲ್ಲ. ಅಕ್ಕನೂ ಹೌದೆಂದು ತಲೆಯಾಡಿಸುತ್ತಾರೆ. ಗುಂಡಿ ಒತ್ತುವ ಮೊದಲು ಅವರು ಮಾಡುವ ಕೆಲಸ ಒಂದಿದೆ. ಅದು ಸರಿಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದರೆ ಎಲ್ಲರ ಕಣ್ಣಿಗೂ ಚುಚ್ಚುತ್ತದೆ.

ವಿಡಿಯೊ ಎಂದರೆ ನಿಂತ ಚಿತ್ರಗಳ ಸಾಲು, ಅಷ್ಟೇ. ಹಳೆಯ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿದಿದ್ದರೆ ಈಗಿನ ಫೋನು ಮೂವತ್ತು ಹಿಡಿದಿರುತ್ತದೆ. ಪರದೆಯೂ ತನ್ನ ಪಾಡಿಗೆ ಸೆಕೆಂಡಿಗೆ ಅರವತ್ತು ಸಲ ಚಿತ್ರವನ್ನು ಹೊಸದಾಗಿ ಮೂಡಿಸುತ್ತಿರುತ್ತದೆ. ಫೋನಿನ ವಿಡಿಯೊ ಆದರೆ ಒಂದೊಂದು ಚಿತ್ರಕ್ಕೂ ಎರಡೆರಡು ಸಲದ ಪಾಲು ಲೆಕ್ಕವಾಗಿ ಸಿಗುತ್ತದೆ. ಹಳೆಯ ಕ್ಯಾಮೆರಾದ್ದಾದರೆ ಸಿಗುವುದಿಲ್ಲ. ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಮೂಡುತ್ತವೆ, ನಡೆಯುತ್ತಿರುವ ಮನುಷ್ಯ ಗಳಿಗೆಗೊಮ್ಮೆ ತಡೆದು ತಡೆದು ಹೋದಂತೆ ಕಾಣುತ್ತದೆ. "ಮಕ್ಕಳಿಗೆ ಹಂಚೋವಾಗ ಒಬ್ಬನಿಗೆ ಎರಡು ಬಿಸ್ಕತ್ತು, ಇನ್ನೊಬ್ಬನಿಗೆ ಮೂರು ಕೊಟ್ರೆ ಜಗಳ ಆಗುತ್ತಲ್ಲ, ಅದೇ ಕಥೆ" ಎನ್ನುತ್ತಾರೆ ಅಕ್ಕ. ಅಂಥ ವಿಡಿಯೊ ಬಂದಾಗ ಪರದೆಯನ್ನೇ ಅರವತ್ತರಿಂದ ಐವತ್ತಕ್ಕೆ ಇಳಿಸಬೇಕು. ಆಗ ಎಲ್ಲ ಚಿತ್ರಕ್ಕೂ ಸಮಪಾಲು.

ಇದನ್ನೆಲ್ಲ ಅಕ್ಕ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಮೊದಲು ಟಿ.ವಿ. ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದರು. ಅಲ್ಲಿ ಬಣ್ಣ ಕಣ್ಣಿಗೆ ರಾಚಬೇಕು, ಚಲನೆ ಎಣ್ಣೆ ಸುರಿದಂತಿರಬೇಕು. ಅದಕ್ಕೆಂದೇ ಟಿ.ವಿ.ಯಲ್ಲಿ ಒಂದು ಸೌಲಭ್ಯವಿರುತ್ತದೆ. ಅದನ್ನು ಹಾಕಿದರೆ ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಟಿ.ವಿ. ತಾನೇ ಊಹಿಸಿ ತುಂಬುತ್ತದೆ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಅಕ್ಕ ಈ ಸಭಾಂಗಣಕ್ಕೆ ಬಂದರು, ಕೈಗಂಟಿದ ಅಭ್ಯಾಸವೂ ಜೊತೆಯಲ್ಲೇ ಬಂತು.

ಬಂದ ಹೊಸದರಲ್ಲಿ ಶಾಲೆಯ ಮೇಡಂ ಒಬ್ಬರ ಸಭೆ. ವಿಡಿಯೊ ಎಲ್ಲೂ ಜಗ್ಗಬಾರದೆಂದು ಅಕ್ಕ ಆ ಸೌಲಭ್ಯ ಹಾಕಿಟ್ಟರು. ಮೇಡಂ ಪರದೆಯ ಮೇಲೆ ಬೆಣ್ಣೆಯ ಮೇಲೆ ಜಾರಿದಂತೆ ನಡೆದುಬಂದರು. ನೋಡುತ್ತಿದ್ದ ಮಗ ಎದ್ದು ನಿಂತು, ಇದು ನಮ್ಮಮ್ಮ ಅಲ್ಲ, ಯಾರೋ ನಟಿ ಇದ್ದ ಹಾಗಿದೆ ಎಂದು ಹೇಳಿ ಹೊರಗೆ ಹೋದವನು ಸಭೆ ಮುಗಿಯುವವರೆಗೂ ಒಳಗೆ ಬರಲಿಲ್ಲ. ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನಾನು ಚೆಂದ ಮಾಡಕ್ಕೆ ಹೋಗಿ ಅವರಮ್ಮನ್ನ ಅವರಿಗೆ ಇಲ್ಲದ ಹಾಗೆ ಮಾಡಿಬಿಟ್ಟೆ" ಎಂದು ಈಗಲೂ ಹೇಳುವಾಗ ಅವರ ದನಿ ತಗ್ಗುತ್ತದೆ.

ಈ ಮುಂಜಾನೆಯ ಪದ್ಧತಿ ಆವತ್ತಿನಿಂದ ಶುರುವಾದದ್ದು. ಸಭೆಯ ದಿನ ಮನೆಯವರಲ್ಲಿ ಒಬ್ಬರು ಬೇಗ ಬರಬೇಕು, ಹೋದವರು ಹೇಗೆ ನಡೆಯುತ್ತಿದ್ದರು, ಹೇಗೆ ಕೈ ಬೀಸುತ್ತಿದ್ದರು ಎಂದು ತೋರಿಸಬೇಕು. ವಿಡಿಯೊದಲ್ಲಿ ಕಾಣುವ ತಡವರಿಕೆಯಲ್ಲಿ ಮನುಷ್ಯನದೆಷ್ಟು, ಪರದೆಯದೆಷ್ಟು ಎಂದು ತಿಳಿಯಲು ಅಕ್ಕನಿಗೆ ಬೇರೆ ದಾರಿಯಿಲ್ಲ. ಮೊದಮೊದಲು ಜನ ಇದೆಂಥ ಹುಚ್ಚು ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಗಂಡನ ಹಾಗೆ ಎದೆಯುಬ್ಬಿಸಿ ನಡೆದು ತೋರಿಸಿದ ಅಜ್ಜಿಯೊಬ್ಬರು ಸುಸ್ತಾಗಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದೂ ಇದೆ.

ಕೆಲವು ದಿನ ಎರಡೆರಡು ಸಭೆ, ಕೆಲವು ವಾರ ಒಂದೂ ಇಲ್ಲ. ದಿನವಿಡೀ ನಿಂತು ಮಂಡಿ ಹಿಡಿದುಕೊಳ್ಳುತ್ತದೆ. ಬೇರೆಯವರ ಅಳು ಕೇಳಿ ಕೇಳಿ ಕಿವಿ ತುಂಬಿದ್ದರೂ ಮನಸ್ಸು ಕಲ್ಲಾಗಿಲ್ಲ, ಕಷ್ಟ ಇರುವುದೇ ಅಲ್ಲಿ. ಮನೆಯಲ್ಲಿ ಮಾತ್ರ ಅವರ ಕೈಗೆ ರಿಮೋಟ್ ಕೊಡುವವರಿಲ್ಲ, ಕೊಟ್ಟರೆ ಧಾರಾವಾಹಿ ಬಿಟ್ಟು ಸೆಟ್ಟಿಂಗ್ಸ್ ನೋಡುತ್ತಾ ಕೂರುತ್ತಾರೆ. ಬಸ್ ಕಂಡಕ್ಟರ್ ಆಗಿರುವ ಗಂಡ, ನಾನು ಹೋದ ಮೇಲೆ ನನ್ನನ್ನು ಐವತ್ತರಲ್ಲಿ ಓಡಿಸುತ್ತೀಯೋ ಅರವತ್ತರಲ್ಲೋ ಎಂದು ಕಾಲೆಳೆಯುತ್ತಾರೆ. ನೀವು ಕೂತಲ್ಲಿಂದ ಏಳುವವರಲ್ಲ, ನಿಮಗೆ ಒಂದು ಫೋಟೊ ಸಾಕು ಎಂದು ಅಕ್ಕ ಬಾಯಿ ಮುಚ್ಚಿಸುತ್ತಾರೆ.

ಇವತ್ತಿನ ಸಭೆ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದ ಹಿರಿಯರೊಬ್ಬರದು. ಯೌವನದಲ್ಲಿ ಏಣಿಯಿಂದ ಬಿದ್ದು ಅವರ ಬಲ ಮಂಡಿ ಮಡಿಸಲು ಬಾರದಂತಾಗಿತ್ತು. ಫೋನಿನಲ್ಲಿ ತೆಗೆದ ವಿಡಿಯೊಗಳಲ್ಲೆಲ್ಲ ಅವರು ಕೂತೇ ಇದ್ದಾರೆ. ನಡೆಯುತ್ತಿರುವುದು ಒಂದರಲ್ಲಿ ಮಾತ್ರ, ಅದು ಮಗಳು ಎಂದೋ ಹಳೆಯ ಕ್ಯಾಮೆರಾದಲ್ಲಿ ತೆಗೆದದ್ದು. ಅದರಲ್ಲಿ ಅವರ ಕಾಲು ಎತ್ತಿದಲ್ಲೇ ಒಂದು ಕ್ಷಣ ನಿಂತು, ಆಮೇಲೆ ದಿಢೀರನೆ ಮುಂದೆ ಬೀಳುತ್ತಿದೆ.

ಗೋಡೆ ಬದಿಯಲ್ಲಿ ಕೂತು ನೋಡುತ್ತಿರುವ ಬೈಂಡರ್ ಅವರ ಹೆಂಡತಿ ಆಗಲೇ ಒಂದು ಮಾತು ಹೇಳಿಯಾಗಿದೆ. "ಜೀವಮಾನವೆಲ್ಲ ಇವರನ್ನ ಕುಂಟ ಅಂತ ಕರೆದೋರೇ ಇವತ್ತು ಬಂದು ಕೂತಿರ್ತಾರೆ. ಇವರ ಕಾಲು ಎಳೀತಿತ್ತು, ಹೌದು. ಆದರೆ ಒಂದು ದಿನ ಮುಗ್ಗರಿಸಿಲ್ಲ. ಅವರ ಮುಂದೆ ಈಗ ಮುಗ್ಗರಿಸೋದು ಬೇಡ. ಸರಿ ಬರಲಿಲ್ಲ ಅಂದ್ರೆ ಅದನ್ನ ಹಾಕಲೇಬೇಡಿ."

ಅಕ್ಕ ಪರದೆಯನ್ನು ಐವತ್ತಕ್ಕೆ ಇಳಿಸುತ್ತಾರೆ. ಕಾಲು ಇನ್ನೂ ತಡೆಯುತ್ತಿದೆ. ಮತ್ತೆ ಅರವತ್ತಕ್ಕೆ ತರುತ್ತಾರೆ, ಅದೇ ಪಾಡು. ಎದುರಿಗೆ ಮಗಳ ಕಾಲು ಮಾತ್ರ ಒಂದೇ ಸಮನೆ ತಿರುಗಿ ನೆಲ ಮುಟ್ಟುತ್ತಿದೆ. ಹಾಗಾದರೆ ತಪ್ಪು ಮನುಷ್ಯನದಲ್ಲ, ಪರದೆಯದೂ ಅಲ್ಲ. ಯಾರು ಈ ವಿಡಿಯೊ ಮಾಡಿಕೊಟ್ಟದ್ದು ಎಂದು ಅಕ್ಕ ಕೇಳುತ್ತಾರೆ. ನೆಂಟರೊಬ್ಬರು ಎಲ್ಲ ತುಣುಕುಗಳನ್ನೂ ಒಂದಕ್ಕೊಂದು ಜೋಡಿಸಿ, ಹಾಡು ಹಾಕಿ ಕೊಟ್ಟಿದ್ದಾರೆ. ಜೋಡಿಸುವಾಗ ಇಪ್ಪತ್ತೈದರ ತುಣುಕನ್ನೂ ಮೂವತ್ತಕ್ಕೆ ಎಳೆದಿದ್ದಾರೆ. ಅಲ್ಲೇ ಪಾಲು ಕೆಟ್ಟುಹೋದ ಮೇಲೆ ಇಲ್ಲಿ ಪರದೆ ಏನು ತಾನೇ ಮಾಡೀತು.

ಹಳೆಯ ಕ್ಯಾಮೆರಾದ ಮೆಮೊರಿ ಕಾರ್ಡ್ ಇನ್ನೂ ಇದ್ದರೆ ಅಸಲು ತುಣುಕು ಉಂಟು, ಇಲ್ಲದಿದ್ದರೆ ಇಲ್ಲ. ಮಗಳು ಎದ್ದುಬಿದ್ದು ಮನೆಗೆ ಓಡುತ್ತಾಳೆ. ಸಭಾಂಗಣದಲ್ಲಿ ಕುರ್ಚಿಗಳನ್ನು ಹಾಕುವ ಸದ್ದು ಶುರುವಾಗುತ್ತದೆ. ಅಕ್ಕ ಹೋಗಿ ಬೈಂಡರ್ ಹೆಂಡತಿಯ ಪಕ್ಕ ಕೂರುತ್ತಾರೆ. ಬಟ್ಟೆಗಳ ಕಪಾಟಿನ ತಳದಲ್ಲಿ ಕಾರ್ಡ್ ಸಮೇತ ಕ್ಯಾಮೆರಾ ಸಿಕ್ಕಿತೆಂದು ಮಗಳು ಏದುಸಿರು ಬಿಡುತ್ತಾ ಬಂದಾಗ ಇಬ್ಬರೂ ಒಟ್ಟಿಗೇ ಏಳುತ್ತಾರೆ.

ಅಸಲು ತುಣುಕು, ಪರದೆ ಐವತ್ತರಲ್ಲಿ. ಬೈಂಡರ್ ಹೆಂಡತಿ ಕೊನೆಯವರೆಗೆ ನೋಡಿ, "ಹಾಕಿ" ಎನ್ನುತ್ತಾರೆ, ಅಷ್ಟೇ.

ಫೋನಿನ ವಿಡಿಯೊಗಳು ಅರವತ್ತರಲ್ಲಿ, ಇದೊಂದು ಐವತ್ತರಲ್ಲಿ ಓಡಬೇಕು. ಬದಲಾಯಿಸುವಾಗ ಪರದೆ ಒಂದೆರಡು ಸೆಕೆಂಡು ಪೂರ್ತಿ ಕಪ್ಪಾಗುತ್ತದೆ. ಸಂತಾಪ ಸಭೆಯಲ್ಲಿ ಇದ್ದಕ್ಕಿದ್ದಂತೆ ಕತ್ತಲಾದರೆ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಬೈಂಡರ್ ಅವರ ತಮ್ಮನ ಭಾಷಣವನ್ನು ಎರಡರ ನಡುವೆ ಇಡಿಸಿ, ಅವರನ್ನು ಬಾಗಿಲ ಬದಿಗೆ ನಿಲ್ಲಿಸಿ, ಜನರೆಲ್ಲ ಅತ್ತ ತಿರುಗಿರುವಾಗ ಅಕ್ಕ ತಮ್ಮ ಕೆಲಸ ಮುಗಿಸುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ.

ಆ ತಮ್ಮನ ಭಾಷಣ ಮುಗಿದ ಮೇಲೆ ಪರದೆಯಲ್ಲಿ ಬೈಂಡರ್, ಗಲ್ಲಿಯೊಂದರ ಆ ತುದಿಯಿಂದ ಬರುತ್ತಾರೆ. ಕಂಕುಳಲ್ಲಿ ಪುಸ್ತಕದ ಕಟ್ಟು. ಬಲಗಾಲು ಸೊಂಟದಿಂದ ತಿರುಗಿ, ಸುತ್ತಿ ಬಂದು ನೆಲ ಮುಟ್ಟುತ್ತದೆ, ಮತ್ತೆ ತಿರುಗುತ್ತದೆ. ಎಲ್ಲೂ ನಿಲ್ಲುವುದಿಲ್ಲ, ಎಲ್ಲೂ ಬೀಳುವುದಿಲ್ಲ. ಆ ನಡಿಗೆಯಲ್ಲಿ ಒಂದು ಗತ್ತಿದೆ. ಹಿಂದಿನ ಸಾಲಿನಲ್ಲಿ ಪಿಸುಗುಡುತ್ತಿದ್ದವರೂ ಕತ್ತು ಚಾಚಿ ನೋಡುತ್ತಿದ್ದಾರೆ.

ಬೈಂಡರ್ ಹತ್ತಿರ ಹತ್ತಿರ ಬರುತ್ತಾರೆ, ಪರದೆಯ ತುಂಬ ಅವರೇ ಆಗುತ್ತಾರೆ. ಮೊದಲ ಸಾಲಿನ ಅಂಚಿನ ಕುರ್ಚಿಯಲ್ಲಿ ಕೂತಿದ್ದ ಅವರ ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆಯೇ, ಎದ್ದು ಒಂದು ಕುರ್ಚಿ ಒಳಗೆ ಸರಿದು ಕೂರುತ್ತಾರೆ. ಅಂಚಿನ ಕುರ್ಚಿ ಖಾಲಿ.

ಅಕ್ಕನ ಪಕ್ಕದಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಕೈ ತೆಗೆದು ಅಕ್ಕನ ಕಿವಿಯಲ್ಲಿ ಹೇಳುತ್ತಾಳೆ. "ಅಪ್ಪಂಗೆ ಕಾಲು ಚಾಚಕ್ಕೆ ಅಂಚಿನ ಸೀಟೇ ಬೇಕಿತ್ತು. ಎಲ್ಲಿಗೆ ಹೋದ್ರೂ ಅವರು ಬರೋದನ್ನ ನೋಡಿ ಅಮ್ಮ ಹೀಗೇ ಒಳಗೆ ಸರೀತಿದ್ಲು."

ಸಭೆ ಮುಗಿಯುವವರೆಗೂ ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಜನ ಹೊರಗೆ ಹೋಗುತ್ತಾರೆ. ಮೂಲೆಯ ಮೇಜಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಯಾರೂ ಒಂದು ಒಳ್ಳೆಯ ಮಾತು ಆಡುವುದಿಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ವೈರು ಸುತ್ತುತ್ತಿದ್ದ ಅಕ್ಕ ಕೈ ನಿಲ್ಲಿಸಿ, ಆ ಖಾಲಿ ಕುರ್ಚಿಯ ಕಡೆ ನೋಡುತ್ತಾರೆ.

"ಅವರು ಬಂದಿದ್ರಲ್ಲ, ಸಾಕು."