ಸಿಕ್ ಎಂದು ಬರೆದ ಡಬ್ಬಿ

ಆಗೆಲ್ಲ ಸಿದ್ದಾಪುರದವರು ರೈಲು ನೋಡಬೇಕೆಂದರೆ ಬಸ್ಸು ಹತ್ತಿ ತಾಳಗುಪ್ಪಕ್ಕೆ ಹೋಗಬೇಕಿತ್ತು. ಸಣ್ಣ ಹಳಿಯ ರೈಲು. ಮಕ್ಕಳಿಗೆ ಅದು ತಮಾಷೆ, ನನಗೆ ಕೂಲಿ. ನನ್ನ ಬಾಲ್ಯದಲ್ಲಿ ಹೇಳುವಂಥದ್ದೇನಿಲ್ಲ. ದನ ಕಾಯ್ದೆ, ಮದುವೆಯಾಯಿತು. ಹೇಳುತ್ತಿರುವುದು ಮೊಮ್ಮಗಳು ಸುಮಿತ್ರಳ ಬಾಲ್ಯದ ಒಂದು ಬೇಸಿಗೆ. ತೊಂಬತ್ತರ ದಶಕದ ಮೊದಲ ವರ್ಷಗಳು. ತಾಯಿ ತೀರಿಕೊಂಡ ಮೇಲೆ ಅವಳು ನನ್ನ ಹತ್ತಿರವೇ ಇದ್ದಳು. ಐದನೇ ತರಗತಿ.

ನನ್ನ ಕೆಲಸ ಹರಿದ ಚೀಲ ಹೊಲಿಯುವುದು. ಸಿದ್ದಾಪುರದ ಸಾಹುಕಾರರೊಬ್ಬರಿಗೆ ಗೂಡ್ಸ್ ಗಾಡಿಯಲ್ಲಿ ಶೇಂಗಾ ಹಿಂಡಿ ಬರುತ್ತಿತ್ತು. ಹಮಾಲಿಗಳ ಕೊಕ್ಕೆ ತಾಗಿ ಹರಿದ ಗೋಣಿಗಳನ್ನು ಲಾರಿಗೆ ಹಾಕುವ ಮೊದಲು ದಬ್ಬಣ, ಸುತಳಿಯಿಂದ ಹೊಲಿಯಬೇಕು. ಅದಕ್ಕೂ ಮೊದಲು, ಸಾಲಾಗಿ ನಿಂತ ರೈಲು ಡಬ್ಬಿಗಳಲ್ಲಿ ನಮ್ಮದು ಯಾವುದೆಂದು ಹುಡುಕಬೇಕು. ಸಾಹುಕಾರರು ಚೀಟಿಯಲ್ಲಿ ನಂಬರು ಬರೆದು ಕೊಡುತ್ತಿದ್ದರು. ನನಗೆ ಆಗ ಒಂದಕ್ಷರವೂ ಬಾರದು. ಹಾಗಾಗಿ ಕೂಸನ್ನು ಕರೆದೊಯ್ಯುತ್ತಿದ್ದೆ. ಶಾಲೆ ತಪ್ಪುತ್ತಿತ್ತು. ತಪ್ಪಲಿ ಎಂದುಕೊಂಡಿದ್ದೆ.

ಸ್ಟೇಶನ್ನಿನ ಗುಮಾಸ್ತರು ಅವಳಿಗೆ ಡಬ್ಬಿಯ ಗುಟ್ಟು ಹೇಳಿಕೊಟ್ಟಿದ್ದರು. ಎಂ, ಬಿ, ಸಿ ಎಂದಿದ್ದರೆ, ಎಂ ಅಂದರೆ ಸಣ್ಣ ಹಳಿಯದು, ಬಿ ಅಂದರೆ ಎಂಟು ಗಾಲಿಯದು, ಸಿ ಅಂದರೆ ಮೇಲೆ ಮಾಡು, ಬದಿಗೆ ಬಾಗಿಲು ಇರುವುದು. ಕೆಳಗೆ ನಂಬರು. ಎಲ್ಲಿಂದ ಎಲ್ಲಿಗೆ ಎನ್ನುವುದಕ್ಕೆ ಸೀಮೆಸುಣ್ಣದಲ್ಲಿ ಊರಿನ ಗುರುತು. ನಮಗೆ ಬೇಕಾದದ್ದು ನಂಬರು ಮಾತ್ರ. ಅವಳು ಮಾತ್ರ ಎಲ್ಲವನ್ನೂ ದೊಡ್ಡ ದನಿಯಲ್ಲಿ ಓದುವಳು.

"ಅಜ್ಜಿ, ಯು ಬಿ ಎಲ್ ಅಂದ್ರೆ ಹುಬ್ಬಳ್ಳಿ ಅಂತೆ."

"ಹ ಎಲ್ಲಿ ಹೋತೇ?"

"ನೀನೆಲ್ಲಿ ಹ ಹೇಳ್ತೀಯೆ? ಉಬ್ಬಳ್ಳಿ ಅಂತಿಯಲ್ಲ. ನಿನ್ನ ಕೇಳೇ ಬರ್ದಿರಬೇಕು."

ಅವಳ ಬಾಯಿ ಹಾಗೆ. ಬಸ್ಸಿನ ಬೋರ್ಡು, ಸಾಬೂನಿನ ಕಾಗದ, ಶೇಂಗಾ ಕಟ್ಟಿಕೊಟ್ಟ ಹಾಳೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ನಾನು ಕೇಳದೆಯೇ ಓದಿ ಹೇಳುತ್ತಿದ್ದಳು.

ಆ ಬೇಸಿಗೆಯಲ್ಲಿ ಸರ್ಕಾರಿ ವಸತಿ ಶಾಲೆಗೆ ಸೇರಿಸಿಕೊಳ್ಳುವ ಪರೀಕ್ಷೆ ಇತ್ತು. ಸಿದ್ದಾಪುರದಲ್ಲಿ, ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ. ಮಾಸ್ತರರು ಮನೆಗೇ ಬಂದು ಹೇಳಿದರು: "ಅಮ್ಮ, ಇದು ಒಂದೇ ಸಲ ಸಿಗೋದು. ಇವಳು ಪಾಸಾಗ್ತಾಳೆ. ತಪ್ಪಿಸಬೇಡಿ."

ಅದೇ ಭಾನುವಾರ ಹಿಂಡಿ ಬಂತು. ಹನ್ನೆರಡರ ಬಸ್ಸಿಗೆ ವಾಪಸು ಬಂದರಾಯಿತು ಎಂದು ಬೆಳಗಿನ ಬಸ್ಸಿಗೆ ಅವಳನ್ನೂ ಹೊರಡಿಸಿದೆ. ಹೊಸ ಪೆನ್ನು ಅವಳ ಲಂಗದ ಕಿಸೆಯಲ್ಲಿತ್ತು.

ಅಂದು ಸ್ಟೇಶನ್ನಿನ ಈಚೆ ಬದಿಯ ಹಳಿಯಲ್ಲಿ ಒಂದು ಡಬ್ಬಿ ಒಂಟಿಯಾಗಿ ನಿಂತಿತ್ತು. ಅದಕ್ಕೊಂದು ಚೀಟಿ ಅಂಟಿಸಿದ್ದರು.

"ಎಂತ ಬರ್ದದೆ ಓದು."

"ಎಸ್, ಐ, ಸಿ, ಕೆ." ಕೂಡಿಸಿ ಹೇಳಿದಳು, "ಸಿಕ್."

"ಸಿಕ್ತಲ್ಲ, ಹಾಗಾದ್ರೆ ಇದೇ ನಮ್ದು."

"ಇನ್ನೂ ನಂಬರ್ ನೋಡ್ಲಿಲ್ಲ ಅಜ್ಜಿ."

"ಸಿಕ್ಕಿತು ಅಂತ ಅವರೇ ಬರ್ದಾರೆ. ನೀ ಮತ್ತೆಂತ ನೋಡ್ತೀಯೆ, ಕೂತ್ಕ."

ಡಬ್ಬಿಯ ನೆರಳಿನಲ್ಲಿ ಕುಳಿತೆವು. ಬಿಸಿಲಿಗೆ ಕಾದ ಕಬ್ಬಿಣದ ವಾಸನೆ. ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿಂದೆವು. ಹಳಿಯ ಜಲ್ಲಿ ಆರಿಸಿ ಕಲ್ಲಾಟ ಆಡಿದೆವು, ಅವಳೇ ಗೆದ್ದಳು. ಬಾಗಿಲು ತೆರೆಯಲು ಯಾರೂ ಬರಲಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮೊದಲು ಸ್ಟೇಶನ್ನಿನ ಪೋರ್ಟರು ಆ ದಾರಿಯಲ್ಲಿ ಬಂದ.

"ಎಂತ ಮಾರಾಯ್ತಿ, ಇಲ್ಲಿ ತಪಸ್ಸಿಗೆ ಕೂತಿದ್ದಾ? ಸಿಕ್ ಅಂದ್ರೆ ಇಂಗ್ಲಿಷಲ್ಲಿ ಕಾಯಿಲೆ. ಗಾಲಿ ಕೆಟ್ಟದೆ ಅಂತ ಬೇರೆ ಇಟ್ಟಿದ್ದು. ನಿಮ್ಮ ಹಿಂಡಿ ಗೋದಾಮಿನ ಆಚೆ ಬದಿಗೆ ಇಳೀತಾ ಅದೆ."

ಓಡಿದೆವು. ಹಿಂಡಿ ನೆಲಕ್ಕೆ ಚೆಲ್ಲಿತ್ತು, ಹರಿದ ಚೀಲಗಳನ್ನು ಒಂದು ಬದಿಗೆ ರಾಶಿ ಹಾಕಿದ್ದರು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಸುಮಿತ್ರ ನನ್ನ ಮುಖ ನೋಡಿದಳು. ಅವಳ ಕೈ ಹಿಡಿದು ಬಸ್ಸು ಹತ್ತಬಹುದಿತ್ತು. ಹತ್ತಿದರೆ ಸಾಹುಕಾರರು ಮುಂದಿನ ಸಲ ಬೇರೆ ಹೆಂಗಸನ್ನು ಕರೆಯುತ್ತಾರೆ ಎಂದು ಹೆದರಿದೆ. ದಬ್ಬಣಕ್ಕೆ ಸುತಳಿ ಪೋಣಿಸಿದೆ.

"ಲಾರಿಯಲ್ಲೇ ಹೋಪ. ಬೇಗ ಹೋಗ್ತದೆ."

"ಎರಡು ಗಂಟೆ ಒಳಗೆ ಮುಟ್ತದಾ?"

"ಮುಟ್ತದೆ" ಎಂದೆ. ನನಗೆ ಗೊತ್ತಿರಲಿಲ್ಲ.

ಅವಳು ಒಂದೊಂದೇ ಚೀಲದ ಬಾಯಿ ಕೂಡಿಸಿ ಹಿಡಿದುಕೊಟ್ಟಳು. ಲಾರಿ ಸಿದ್ದಾಪುರ ಮುಟ್ಟುವಾಗ ಮೂರೂವರೆ. ಪರೀಕ್ಷೆಯ ಶಾಲೆಯ ಮುಂದೆ ಉಳಿದ ಮಕ್ಕಳು ಆಗಲೇ ಹೊರಗೆ ಬಂದು ಪ್ರಶ್ನೆಯ ಉತ್ತರ ಕೇಳಿಕೊಳ್ಳುತ್ತಿದ್ದರು. ಅಲ್ಲೇ ಕಾದಿದ್ದ ಮಾಸ್ತರರು ನನ್ನನ್ನು ಬೈಯಲಿಲ್ಲ. ಅವಳ ತಲೆ ಮುಟ್ಟಿ ಹೋದರು.

ಆ ಮೇಲೂ ಅವಳು ನನ್ನ ಜೊತೆ ತಾಳಗುಪ್ಪಕ್ಕೆ ಬಂದಳು. ಅತ್ತು ರಂಪ ಮಾಡಲಿಲ್ಲ. ಕೇಳಿದರೆ ನಂಬರು ಹೇಳುವಳು, ಅಷ್ಟೇ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, ಒಂದು ಬೋರ್ಡನ್ನೂ ಓದದೆ ಕೂರುವಳು. ನಾನೇ ಒಮ್ಮೆ ಅಂಗಡಿಯ ಬೋರ್ಡು ತೋರಿಸಿ ಕೇಳಿದೆ. "ಅಂಗಡಿ ಅಂತ ಬರ್ದದೆ" ಎಂದಳು.

ಕೆಲವು ವರ್ಷಕ್ಕೆ ಗೂಡ್ಸ್ ಗಾಡಿ ಬರುವುದು ನಿಂತಿತು. ಕೆಲಸ ಹೋಯಿತು. ಸಂಜೆ ಶಾಲೆಯಲ್ಲಿ ದೊಡ್ಡವರಿಗೂ ಅಕ್ಷರ ಕಲಿಸುತ್ತಾರೆಂದು ಕೇಳಿ ನಾನೂ ಹೋಗಿ ಕುಳಿತೆ, ಕೂಡಿಸಿ ಕೂಡಿಸಿ ಓದಲು ಕಲಿತೆ. ಸುಮಿತ್ರ ಹತ್ತನೇ ತರಗತಿಗೆ ಓದು ಮುಗಿಸಿದಳು. ಈಗ ಪೇಟೆಯಲ್ಲಿ ಬಟ್ಟೆ ಅಂಗಡಿಗೆ ಹೋಗುತ್ತಾಳೆ, ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆ ಪರೀಕ್ಷೆಯ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಸಣ್ಣ ಹಳಿಯ ರೈಲು ಹೋಯಿತೆಂದು ನಮ್ಮ ಕಡೆ ಮರುಗುವವರಿದ್ದಾರೆ. ನನಗೆ ಆ ಮರುಕವಿಲ್ಲ. ಸಂಜೆ ನಾನು ಪೇಪರು ಹಿಡಿದು ಒಂದೊಂದೇ ಅಕ್ಷರ ಬಿಡಿಸುತ್ತಿರುತ್ತೇನೆ. ಎಲ್ಲಾದರೂ ತಡವರಿಸಿದರೆ ಪಕ್ಕದಲ್ಲಿ ಕುಳಿತ ಅವಳಿಗೆ ಗೊತ್ತಾಗುತ್ತದೆ. ನಾನು ಕೇಳುವವರೆಗೆ ಅವಳು ಹೇಳುವುದಿಲ್ಲ.